ಬೆಕ್ಕುಗಳಿಗೆ ಜಾಗ

“ಇದು ಬೇಡ. ಇದೂ ಬೇಡ,” ಎನ್ನುತ್ತಾ ತನುಶ್ರೀ ಟಕಟಕನೆ ಡಿಲೀಟ್ ಒತ್ತುತ್ತಿದ್ದಳು.

ಆರನೇ ಕ್ಲಾಸಿನ ಹುಡುಗಿಗೆ ಭಾರಿ ಅಧಿಕಾರ ಸಿಕ್ಕಿತ್ತು. ಅವಳ ಪಪ್ಪಾ ಶ್ರೀರಾಮ್ ರಜೆಯಲ್ಲಿ ಗೆಳೆಯರ ಜೊತೆ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಸಿದ್ಧ ಮಾಡುತ್ತಿದ್ದರು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್. ಯಾರು ಬೇಕಾದರೂ ಪುಕ್ಕಟೆ ತಗೊಂಡು ಬದಲಾಯಿಸಿಕೊಳ್ಳಬಹುದು. ಆದರೆ ಬೇಕಾದ್ದನ್ನೆಲ್ಲ ಆರಿಸಿ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸಬೇಕು.

ಮುಂಬೈಯ ಘಾಟ್ಕೋಪರ್‌ನ ಅವರ ವಸತಿ ಸೊಸೈಟಿ ಆಫೀಸಿನ ಸರ್ವರ್‌ಗೆ ಒಂದು ಪ್ಯಾಕ್, ಮನೆಗಳಿಗೆ ಇನ್ನೊಂದು. ಮನೆ ಪ್ಯಾಕ್ ತನುಶ್ರೀಯ ಪಾಲಿಗೆ ಬಂತು.

ಅವಳು ಸರ್ವೆ ಕೂಡ ಮಾಡಿದಳು. ಮೂವರು ಗೆಳತಿಯರನ್ನು ಕೇಳಿದಳು. ಮೂವರೂ ಗೇಮ್ಸ್ ಎಂದರು. ಅಲ್ಲಿಗೆ ಇಡೀ ಬಿಲ್ಡಿಂಗಿನ ಅಭಿಪ್ರಾಯ ಗೊತ್ತಾದಂತಾಯಿತು.

ಗೇಮ್ಸ್ ಬಂದವು. ಬೆಕ್ಕಿನ ವಾಲ್‌ಪೇಪರ್‌ಗಳು ರಾಶಿ ರಾಶಿ ಬಂದವು. ಸರ್ವರ್‌ಗೂ ಒಂದು ಬೆಕ್ಕು ಬೇಕೆಂದು ಪಪ್ಪಾನ ಬೆನ್ನು ಹತ್ತಿದಳು.

“ಅದಕ್ಕೆ ಸ್ಕ್ರೀನೇ ಇಲ್ಲ ಪುಟ್ಟಾ. ಬೀರು ಒಳಗೆ ಕೂತಿರತ್ತೆ.”

“ಫಿರ್ ಭೀ, ಲುಕ್ ಚೆನ್ನಾಗಿರ್ಬೇಕು ನಾ ಪಪ್ಪಾ.”

ಅಷ್ಟರಲ್ಲಿ ಜಾಗ ಮುಗಿಯಿತು. ಏನು ತೆಗೆಯೋದು? ಕನ್ನಡ, ತಮಿಳು, ಒಡಿಯಾ ಅಕ್ಷರಗಳ ಪ್ಯಾಕೇಜುಗಳು ಕಣ್ಣಿಗೆ ಬಿದ್ದವು. ತನುಶ್ರೀ ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ತನಗೆ ಬಾರದ್ದು ಲೋಕಕ್ಕೇ ಬೇಡ ಎಂಬುದು ಮಹಾರಾಣಿಯ ತೀರ್ಮಾನ. ಎಲ್ಲವೂ ಹೊರಗೆ ಹೋದವು. ತೆಗೀಲಾ ಎಂದು ಕೇಳಿದ್ದಕ್ಕೆ ಪಪ್ಪಾ ಮೊಬೈಲಿನಿಂದ ತಲೆ ಎತ್ತದೆ ಹೂಂ ಅಂದಿದ್ದರು.

ಭಾನುವಾರ ಪೆನ್‌ಡ್ರೈವ್ ಹಂಚಬೇಕು. ಅದಕ್ಕೂ ಮೊದಲು, ಶನಿವಾರ, ಅಜ್ಜಿ ಪುಟ್ಟಲಕ್ಷ್ಮಿಯ ಹಳೆ ಲ್ಯಾಪ್‌ಟಾಪ್‌ಗೆ ಪಪ್ಪಾ ಆ ಮನೆ ಪ್ಯಾಕ್ ಹಾಕಿದರು. ಅಜ್ಜಿಯ ಫೈಲುಗಳನ್ನು ಪಪ್ಪಾ ಜೋಪಾನವಾಗಿ ಉಳಿಸಿದ್ದರು.

ಮಧ್ಯಾಹ್ನ ಅಜ್ಜಿ ತಮ್ಮ ನಾಟಕ ತೆರೆದರು. ಕನ್ನಡ ಸಂಘದ ಹೆಂಗಸರಿಗಾಗಿ ತಿಂಗಳುಗಟ್ಟಲೆ ಒಂದೇ ಬೆರಳಲ್ಲಿ ಟೈಪ್ ಮಾಡಿದ್ದ ನಾಟಕ. ಸಂಜೆಯೇ ರಿಹರ್ಸಲ್.

ಪರದೆ ತುಂಬ ಖಾಲಿ ಚೌಕಗಳು.

“ತನು, ಬರೀ ಡಬ್ಬಿ ಕಾಣಿಸ್ತಿದೆಯಲ್ಲೇ. ನನ್ನ ನಾಟಕ ಎಲ್ಲಿ?”

ತನುಶ್ರೀ ಓಡಿ ಬಂದು ನೋಡಿದಳು. “ಅಜ್ಜಿ, ಕನ್ನಡದ್ದು ನಾನು ತೆಗ್ದೆ. ಯಾರೂ ಯೂಸ್ ಮಾಡಲ್ಲ ಅಂದ್ಕೊಂಡೆ.”

ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಿಗೆ ದುಃಖವೂ ಸಿಟ್ಟೂ ಒಟ್ಟಿಗೇ ಬಂದಿದ್ದವು.

“ಬೆಕ್ಕುಗಳಿಗೆ ಜಾಗ ಸಿಕ್ತಲ್ಲ, ಬಿಡು. ಸಂಜೆ ಎಲ್ಲರೂ ಮಿಯಾಂವ್ ಅಂತೀವಿ.”

ಯಾರೂ ನಗಲಿಲ್ಲ. ತನುಶ್ರೀಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನೀನಾದ್ರೂ ನೋಡಬಾರದಿತ್ತೇನೋ?” ಎಂದು ಅಜ್ಜಿ ಮಗನನ್ನೂ ಬಿಡಲಿಲ್ಲ.

“ತಪ್ಪಾಯ್ತಮ್ಮ. ನಾಟಕ ಎಲ್ಲೂ ಹೋಗಿಲ್ಲ, ತೋರಿಸೋಕೆ ಅಕ್ಷರ ಇಲ್ಲ ಅಷ್ಟೇ,” ಎಂದರು ಪಪ್ಪಾ. “ತನು, ತೆಗೆದವಳು ನೀನು. ನೀನೇ ಹಾಕು.”

ತನುಶ್ರೀ ಇಂಟರ್ನೆಟ್‌ನಿಂದ ಕನ್ನಡದ ಪ್ಯಾಕೇಜ್ ಇಳಿಸಿ ಹಾಕಿದಳು. ಚೌಕಗಳೆಲ್ಲ ಅಕ್ಷರಗಳಾದವು. ಅಜ್ಜಿ ಮೊದಲ ಸಾಲನ್ನು ಗಟ್ಟಿಯಾಗಿ ಓದಿ, ಪ್ರಿಂಟ್ ತೆಗೆಯಲು ಎದ್ದರು.

ತನುಶ್ರೀ ಮನೆ ಪ್ಯಾಕ್ ತೆರೆದು ಮೊದಲು ಕನ್ನಡ, ಆಮೇಲೆ ತಮಿಳು ಸೇರಿಸಿದಳು. ಮತ್ತೆ ಜಾಗ ತುಂಬಿತು.

“ಸಾಕು ಬಿಡು,” ಎಂದರು ಪಪ್ಪಾ. “ಒಡಿಯಾ ಓದೋರು ನಮ್ಮ ಬಿಲ್ಡಿಂಗಲ್ಲಿ ಯಾರಿದಾರೆ?”

ತನುಶ್ರೀ ಬೆಕ್ಕುಗಳ ಫೋಲ್ಡರ್ ತೆರೆದಳು.

“ಗೊತ್ತಿಲ್ಲ ಪಪ್ಪಾ. ನಾನು ಕೇಳಿದ್ದು ಮೂರೇ ಜನರನ್ನ,” ಎಂದಳು. ಬೆಕ್ಕುಗಳನ್ನು ಒಂದೊಂದಾಗಿ ಅಳಿಸಿ, ಒಡಿಯಾ ಹಾಕಿದಳು.