ನಾನೂರ ಹದಿನೇಳನೆಯ ಅಗುಳಿ

ಅಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಕಡಲಿಗೂ ಕಣಿವೆಗೂ ನಡುವೆ ಬಿಳಿಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದ ಆಯುಧಶಾಲೆಯಲ್ಲಿ ಕಮ್ಮಾರರ ಹೆಣ್ಣುಮಗಳು ಮೋನವ್ವ ಕೆಲಸ ಮಾಡುತ್ತಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ತಾಯಿಯಿಲ್ಲದ ತಮ್ಮ ಕಾಳಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ, ಅರ ಹಿಡಿಯಲು ಕಲಿಸಿದವಳೂ ಅವಳೇ.

ಒಂದು ವರ್ಷ ಫ್ರೆಂಚರ ಹಡಗೊಂದು ಬಿರುಗಾಳಿಗೆ ಸಿಕ್ಕಿ ಬಿಳಿಗಲ್ಲಿನ ದಡಕ್ಕೆ ಬಂತು. ರಾಜ ಅವರಿಗೆ ಅನ್ನ ಕೊಟ್ಟ, ನೀರು ಕೊಟ್ಟ, ಮುರಿದ ಹಡಗಿಗೆ ಮರ ಕೊಟ್ಟ. ಹೊರಡುವಾಗ ಅವರು ತಮ್ಮ ಸೈನ್ಯದ ನಲವತ್ತು ಕೋವಿಗಳನ್ನು ಉಡುಗೊರೆಯಾಗಿ ಬಿಟ್ಟುಹೋದರು. ನೀಳವಾದ ನಳಿಗೆ, ಅಕ್ರೋಟು ಮರದ ಹಿಡಿ. ನಳಿಗೆಯ ಹಿಂದೆ ಬಾಗಿಲ ಅಗುಳಿಯ ಹಾಗೆ ಹಿಂದೆ ಮುಂದೆ ಸರಿಯುವ ಉಕ್ಕಿನ ತುಂಡು. ಅದನ್ನು ಇಲ್ಲಿಯವರು ಅಗುಳಿ ಎಂದೇ ಕರೆದರು. ಹಡಗು ಹೊರಡುವ ಮೊದಲು ಅದರ ಕಮ್ಮಾರ ಎರಡು ತಿಂಗಳು ಮೋನವ್ವನ ಪಕ್ಕದಲ್ಲಿ ಕೂತು ಕೋವಿ ಓದುವುದನ್ನು ಕಲಿಸಿದ.

"ಇದರ ಹೆಸರು ಶಾಸ್ಪೋ, ತಾಯಿ. ಮಾಡಿದವನ ಹೆಸರೇ ಇದಕ್ಕೂ. ನಳಿಗೆಯ ಮೇಲೊಂದು ಸಂಖ್ಯೆ ಇದೆ, ಅಗುಳಿಯ ಮೇಲೂ ಅದೇ ಸಂಖ್ಯೆ ಇದೆ. ಅವೆರಡೂ ಒಟ್ಟಿಗೆ ಹುಟ್ಟಿದವು. ಆದರೆ ಸಂಖ್ಯೆ ಓದಿದರೆ ಕೋವಿಯನ್ನು ಓದಿದ ಹಾಗಲ್ಲ. ಯಾರು ಹಿಡಿದಿದ್ದರು, ಹೇಗೆ ಹಿಡಿದಿದ್ದರು, ಅದನ್ನೂ ಓದಬೇಕು."

ರಾಜ ನಲವತ್ತು ಯೋಧರನ್ನು ಆರಿಸಿ ಕಣಿವೆ ಕಾಯಲು ಕಳಿಸಿದ. ಅವರಲ್ಲಿ ಕಾಳಪ್ಪನೂ ಇದ್ದ. ಅವನ ಕೋವಿಯ ಸಂಖ್ಯೆ ನಾನೂರ ಹದಿನೇಳು.

ಆ ಕಣಿವೆಯ ಆಚೆ ಧೂಮಕೇಶನೆಂಬ ಮಾಂತ್ರಿಕನಿದ್ದ. ಚೆಂದದ್ದೇನು ಕಂಡರೂ ತನ್ನ ಗೋಪುರದಲ್ಲಿ ತೂಗುಹಾಕಬೇಕೆಂಬ ಆಸೆ ಅವನಿಗೆ. ಕೋವಿಗಳ ಸುದ್ದಿ ಕೇಳಿ ತನ್ನ ಭೂತದ ದಂಡನ್ನು ಕಳಿಸಿದ. ಯೋಧರು ಮೂರು ದಿನ ತಡೆದು ನಿಂತರು. ನಾಲ್ಕನೆಯ ದಿನ ಧೂಮಕೇಶ ತಾನೇ ಬಂದು ಕೂದಲು ಕೊಡವಿದ. ಕಣಿವೆ ತುಂಬ ಕಪ್ಪು ಹೊಗೆ ತುಂಬಿತು. ಹೊಗೆ ಕರಗಿದಾಗ ಅಲ್ಲಿ ಮನುಷ್ಯರಿರಲಿಲ್ಲ. ನಲವತ್ತು ಜನರ ಉಸಿರೂ ಅವರವರ ಕೋವಿಯೊಳಗೆ ಸೇರಿಹೋಗಿತ್ತು. ಮಾಂತ್ರಿಕ ಕೋವಿಗಳನ್ನು ಹೊತ್ತುಕೊಂಡು ಹೋದ.

ಸುದ್ದಿ ಬಂದ ದಿನ ಕಾಳಪ್ಪನ ಹೆಂಡತಿ ಪಾರವ್ವ ಮೋನವ್ವನ ಕೈ ಹಿಡಿದುಕೊಂಡಳು.

"ಅಕ್ಕಾ, ಆ ಕೋವಿಗಳನ್ನು ಬಲ್ಲವಳು ನೀನೊಬ್ಬಳೇ. ಹೇಗಾದರೂ ಮಾಡಿ ಅವರನ್ನು ಕರೆದುಕೊಂಡು ಬಾ."

"ತರುತ್ತೇನೆ ಪಾರೂ," ಎಂದಳು ಮೋನವ್ವ. ಅರವನ್ನೂ ತಿರುಪುಳಿಯನ್ನೂ ಸೆರಗಿಗೆ ಕಟ್ಟಿಕೊಂಡು ಹೊರಟಳು.

ಗೋಪುರದ ಮೊದಲ ಕೋಣೆಯಲ್ಲಿ ಉಕ್ಕಿನ ಹದ್ದು ಕೂತಿತ್ತು. ಗೋಡೆಯ ಮೇಲೆ ನೂರು ಕೋವಿಗಳು.

"ನಲವತ್ತು ನಿಜ, ಅರವತ್ತು ಮಾಯೆ," ಎಂದಿತು ಹದ್ದು. "ಬೇರೆ ಮಾಡು. ತಪ್ಪಿದರೆ ನಿನ್ನ ಕಣ್ಣು ನನ್ನವು."

ನೂರೂ ಕೋವಿಗಳು ಥಳಥಳ ಹೊಳೆಯುತ್ತಿದ್ದವು. ಮೋನವ್ವ ಹೊಳಪು ನೋಡಲಿಲ್ಲ, ತಿರುಪುಗಳ ತಲೆ ನೋಡಿದಳು. ಮಾಯೆಯ ಕೋವಿಗಳ ತಿರುಪುಗಳಿಗೆ ಒಂದು ಗೀರೂ ಇರಲಿಲ್ಲ. ನಿಜದ ಕೋವಿಗಳನ್ನು ಯೋಧರು ಬಿಚ್ಚಿದ್ದರು, ಒರೆಸಿದ್ದರು, ಮತ್ತೆ ಬಿಗಿದಿದ್ದರು. ಅವಸರದಲ್ಲಿ ಜಾರಿದ ತಿರುಪುಳಿಯ ಗಾಯ ಅವುಗಳ ಮೇಲಿತ್ತು. ಹುಡುಗರನ್ನು ಅದಕ್ಕಾಗಿ ತಾನೇ ಬೈದಿದ್ದು ನೆನಪಾಗಿ ಅವಳಿಗೆ ಅಳು ಬಂತು. ಅಳುತ್ತಲೇ ನಲವತ್ತನ್ನು ಇಳಿಸಿಟ್ಟಳು. ಹದ್ದು ರೆಕ್ಕೆ ಬಡಿದು ದಾರಿ ಬಿಟ್ಟಿತು.

ಎರಡನೆಯ ಕೋಣೆಯಲ್ಲಿ ನೀಲಿ ಹುಲಿ ಮಲಗಿತ್ತು. ಧೂಮಕೇಶ ಕೋವಿಗಳಿಂದ ಕಿತ್ತ ಅಗುಳಿಗಳೆಲ್ಲ ಅದರ ಹೊಟ್ಟೆಯಡಿ ರಾಶಿಯಾಗಿದ್ದವು.

"ಇವುಗಳಲ್ಲಿ ಕೆಲವು ಕಾಗದದ ತೋಟಾ ತಿನ್ನುತ್ತವೆ, ಕೆಲವು ಹಿತ್ತಾಳೆಯ ತೋಟಾ ತಿನ್ನುತ್ತವೆ," ಎಂದಿತು ಹುಲಿ. "ಯಾವುದು ಯಾವುದೆಂದು ಹೇಳು. ತಪ್ಪಿದರೆ ನಾನು ನಿನ್ನನ್ನು ತಿನ್ನುತ್ತೇನೆ."

"ಕಾಗದದ ತೋಟಾ ಒಳಗೇ ಉರಿದುಹೋಗುತ್ತದೆ, ಎಳೆದು ತೆಗೆಯಲು ಏನೂ ಉಳಿಯುವುದಿಲ್ಲ," ಎಂದಳು ಮೋನವ್ವ. "ಹಿತ್ತಾಳೆಯದಾದರೆ ಖಾಲಿ ಚಿಪ್ಪು ಉಳಿಯುತ್ತದೆ, ಎಳೆಯಲು ಕೊಕ್ಕೆ ಬೇಕು. ಕೊಕ್ಕೆ ಇರುವುದು ಮೂರೇ. ಮೊದಲು ಅವೂ ಕಾಗದದವೇ. ಫ್ರೆಂಚರ ದೇಶದಲ್ಲೇ ಆಮೇಲೆ ಬದಲಾಯಿಸಿದ್ದು."

ಹುಲಿ ಎದ್ದು ಪಕ್ಕಕ್ಕೆ ಸರಿಯಿತು. ಮೋನವ್ವ ಅಗುಳಿಗಳನ್ನು ಎಣಿಸಿದಳು. ಮೂವತ್ತೊಂಬತ್ತು.

"ಒಂದು ಕಡಿಮೆ ಇದೆಯಲ್ಲ?"

"ನನಗೆ ಕೊಟ್ಟಿದ್ದೇ ಅಷ್ಟು, ತಾಯಿ."

ಮಂಡಿಯೂರಿ ರಾಶಿಯಲ್ಲಿ ಕೈಯಾಡಿಸಿದಳು. ನಾನೂರ ಹದಿನೇಳು ಸಿಕ್ಕಿತು. ಅದನ್ನು ಕಣ್ಣಿಗೊತ್ತಿಕೊಂಡು, ಬೇರೆಯಾಗಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮೂರನೆಯ ಕೋಣೆಯಲ್ಲಿ ಧೂಮಕೇಶನೇ ಕೂತಿದ್ದ.

"ನಲವತ್ತು ಕೋವಿ, ಮೂವತ್ತೊಂಬತ್ತು ಅಗುಳಿ," ಎಂದು ನಕ್ಕ. "ಅಗುಳಿ ಸೇರಬೇಕಾದಲ್ಲಿ ಸೇರಿದರೆ ಅದರವನು ಎದ್ದು ಬರುತ್ತಾನೆ. ಎಲ್ಲವೂ ಸರಿಯಾದರೆ ನನ್ನ ಗೋಪುರ ಉರುಳುತ್ತದೆ, ಅಗುಳಿ ಸಿಗದವನು ಮಾತ್ರ ಕೋವಿಯಲ್ಲೇ ಉಳಿಯುತ್ತಾನೆ. ಒಂದು ತಪ್ಪಿದರೂ ಎಲ್ಲರೂ ಮತ್ತೆ ನನ್ನ ಗೋಡೆಗೆ."

ಮೋನವ್ವ ಕೂತಳು. ನಳಿಗೆಯ ಸಂಖ್ಯೆ ಓದಿದಳು, ಅಗುಳಿಯ ಸಂಖ್ಯೆ ಓದಿದಳು, ಎಣ್ಣೆ ಸವರಿ ಸರಿಸಿದಳು. ಮೊದಲನೆಯದು ಕಟಕ್ಕೆಂದಿತು. ಕೋವಿಯ ಜಾಗದಲ್ಲಿ ದಫೇದಾರ ಈರಣ್ಣ ಕೆಮ್ಮುತ್ತಾ ಎದ್ದು ನಿಂತ. ಎರಡನೆಯವನು ಎದ್ದ, ಮೂರನೆಯವನು ಎದ್ದ. ಹೀಗೆ ಮೂವತ್ತೆಂಟು ಜನ ಎದ್ದರು.

ಉಳಿದವು ಎರಡು ಕೋವಿ. ಒಂದು ಕಾಳಪ್ಪನದು. ಇನ್ನೊಂದು ದಂಡಿನಲ್ಲೇ ಚಿಕ್ಕವನಾದ ಹೊನ್ನೂರನದು. ಉಳಿದದ್ದು ಒಂದೇ ಅಗುಳಿ.

ಮೋನವ್ವ ಗಂಟು ಬಿಚ್ಚಿದಳು. ತಮ್ಮನ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಗುಳಿಯನ್ನು ಸೇರಿಸಲು ಹೋದ ಕೈ ಅರ್ಧದಲ್ಲೇ ನಿಂತಿತು.

ಅಗುಳಿಯ ಬುಡವನ್ನು ಯಾರೋ ಅರದಿಂದ ಉಜ್ಜಿದ್ದರು. ತನ್ನದೇ ಕೋವಿಗೆ ಕೂರುವ ಅಗುಳಿಯನ್ನು ಉಜ್ಜುವ ಅಗತ್ಯವಿಲ್ಲ, ಬೇರೆಯದಕ್ಕೆ ಕೂರಿಸಲು ಮಾತ್ರ ಉಜ್ಜಬೇಕು. ಗೀರುಗಳು ಬಲದಿಂದ ಎಡಕ್ಕೆ ವಾಲಿದ್ದವು. ಹಾಗೆ ಅರ ಎಳೆಯುವ ಎಡಚ ಆ ದಂಡಿನಲ್ಲಿ ಒಬ್ಬನೇ ಇದ್ದ, ಅವಳ ತಮ್ಮ. ಹೊನ್ನೂರನ ಕೋವಿಯಲ್ಲಿ ಅಗುಳಿ ಕೂರುವ ಬಾಯಿ ನೋಡಿದಳು. ಅಲ್ಲಿ ಅದೇ ಅಗಲಕ್ಕೆ ಹೊಸದಾಗಿ ತಿಕ್ಕಿದ ಗುರುತಿತ್ತು. ತಮ್ಮನ ಕೋವಿಯ ಮೂತಿ ನೋಡಿದಳು. ಅದಕ್ಕೆ ಸಿಕ್ಕಿಸಿದ ಬಾಕು ತುದಿ ಮುರಿದು, ಹಿಡಿಯವರೆಗೂ ಕಚ್ಚುಬಿದ್ದಿತ್ತು.

"ಈರಣ್ಣಾ, ಕಡೆಯ ದಿನ ಏನಾಯಿತು?"

"ಹೊನ್ನೂರನ ಅಗುಳಿ ಮುರಿದು ಕಂದಕಕ್ಕೆ ಬಿತ್ತಮ್ಮ. ಹುಡುಗ ಬರಿಗೈಲಿ ನಿಂತಿದ್ದ. ಕಾಳಪ್ಪ ಅವನ ಹತ್ತಿರ ಓಡಿದ್ದು ನೋಡಿದೆ. ಆಮೇಲೆ ಹೊಗೆ ಬಂತು."

ಮೋನವ್ವನಿಗೆ ಎಲ್ಲ ತಿಳಿಯಿತು. ತಮ್ಮ ತನ್ನ ಅಗುಳಿಯನ್ನು ಹುಡುಗನಿಗೆ ಉಜ್ಜಿ ಕೂರಿಸಿ ಕೊಟ್ಟಿದ್ದ. ತಾನು ಬಾಕು ಹಿಡಿದು ಅವನ ಮುಂದೆ ನಿಂತಿದ್ದ.

"ಏನು ಯೋಚನೆ?" ಎಂದ ಧೂಮಕೇಶ. ಅವನ ದನಿ ಜೇನಿನ ಹಾಗಿತ್ತು. "ಅಗುಳಿಯ ಮೇಲೆ ಬರೆದೇ ಇದೆಯಲ್ಲ. ನಿನ್ನ ತಮ್ಮನದು. ಸೇರಿಸು, ಕರೆದುಕೊಂಡು ಹೋಗು."

"ಸಂಖ್ಯೆ ಅವನದೇ ಅಲ್ಲವೇನಮ್ಮ," ಎಂದ ಈರಣ್ಣನೂ, ಮೆಲ್ಲಗೆ. "ಯಾರೂ ನಿನ್ನನ್ನು ತಪ್ಪು ಅನ್ನುವುದಿಲ್ಲ."

ಮೋನವ್ವ ಅಗುಳಿಯನ್ನು ಅಂಗೈಯಲ್ಲಿ ತೂಗಿ ನೋಡಿದಳು. ಎಷ್ಟು ಹಗುರದ ತುಂಡು ಅದು. ಒಂದು ಸಲ ಸರಿಸಿದರೆ ಸಾಕು, ಕಾಳಪ್ಪ ಎದ್ದು ಎದುರಿಗೆ ನಿಲ್ಲುತ್ತಾನೆ.

"ಎದ್ದ ಕೂಡಲೇ ಅವನು ಕೇಳುವುದು ಒಂದೇ ಮಾತು ಈರಣ್ಣಾ. ಹೊನ್ನೂರ ಎಲ್ಲಿ ಅಂತ ಕೇಳುತ್ತಾನೆ. ನಾನೇನು ಹೇಳಲಿ?"

ಈರಣ್ಣ ಹೊನ್ನೂರನ ಕೋವಿಯನ್ನು ಅವಳ ಕಡೆಗೆ ಸರಿಸಿದ.

"ಕೊಟ್ಟದ್ದನ್ನು ನಾನು ಹಿಂದೆ ಕಿತ್ತುಕೊಳ್ಳಲಾರೆ, ತಮ್ಮಾ," ಎಂದಳು ಮೋನವ್ವ, ತೊಡೆಯ ಮೇಲಿನ ಕೋವಿಗೆ. ನಾನೂರ ಹದಿನೇಳನೆಯ ಅಗುಳಿಯನ್ನು ಹೊನ್ನೂರನ ಕೋವಿಗೆ ಸೇರಿಸಿದಳು. ಎಣ್ಣೆ ಬೇಕಾಗಲಿಲ್ಲ. ಅಷ್ಟು ಸರಿಯಾಗಿ ಉಜ್ಜಿದ್ದ ಅವನು.

"ತಪ್ಪು! ಸಂಖ್ಯೆ ಬೇರೆ!" ಎಂದು ಧೂಮಕೇಶ ಚೀರಿದ. ಚೀರುತ್ತಿದ್ದ ಹಾಗೆಯೇ ಅವನ ಕಾಲಡಿಯ ಕಲ್ಲು ಬಿರಿಯಿತು. ಗೋಡೆಗಳೆಲ್ಲ ಅವನ ಮೇಲೆಯೇ ಉರುಳಿದವು. ಹದ್ದೂ ಹುಲಿಯೂ ಕಾಡಿಗೆ ಹೋದವು. ಬಿಸಿಲು ಬಿದ್ದ ಬಯಲಿನಲ್ಲಿ ಹೊನ್ನೂರ ಎದ್ದು ನಿಂತು ಸುತ್ತಲೂ ನೋಡಿದ.

"ಕಾಳಣ್ಣ ಎಲ್ಲಿ?" ಎಂದ.

ಮೋನವ್ವನ ತೊಡೆಯ ಮೇಲಿದ್ದ ಕೋವಿ ನೋಡಿ ಅವನಿಗೆ ತಿಳಿಯಿತು. ಅಲ್ಲೇ ಕುಸಿದು ಅವಳ ಪಾದದ ಮೇಲೆ ತಲೆಯಿಟ್ಟ. ಅವಳು ಅವನ ಬೆನ್ನು ಸವರಿದಳು.

ಮೂವತ್ತೊಂಬತ್ತು ಜನ ಊರಿಗೆ ಬಂದಾಗ ಬೀದಿಬೀದಿಯಲ್ಲಿ ಆರತಿ ಎತ್ತಿದರು. ಪಾರವ್ವ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಡೆಗೆ ಮೋನವ್ವನ ಹೆಗಲ ಮೇಲಿದ್ದ ಕೋವಿಯನ್ನು ನೋಡಿದಳು. ಮೋನವ್ವ ಏನನ್ನೂ ಮುಚ್ಚಿಡದೆ ಹೇಳಿದಳು.

"ಅವರ ಅಗುಳಿ ನಿನ್ನ ಕೈಯಲ್ಲೇ ಇತ್ತಾ ಅಕ್ಕಾ?"

"ಇತ್ತು."

"ನನ್ನ ನೆನಪು ಬರಲಿಲ್ಲವಾ?"

"ಬಂತು ಪಾರೂ."

ಪಾರವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ರಾಜ ಆ ಕೋವಿಗೆ ಬೆಳ್ಳಿಯ ಪೀಠ ಮಾಡಿಸಿ ಅರಮನೆಯಲ್ಲಿ ಇಡುತ್ತೇನೆಂದ. ಮೋನವ್ವ ಕೈಮುಗಿದು ಬೇಡವೆಂದಳು. ಧೂಮಕೇಶ ಸತ್ತ ಮೇಲೆ ಕಣಿವೆಯ ದಾರಿ ತೆರೆಯಿತು, ಆಚೆಯ ಜನ ಈಚೆಗೆ ಬಂದರು, ಬಿಳಿಗಲ್ಲಿನಲ್ಲಿ ಮನೆಮನೆಯಲ್ಲೂ ನಗು ತುಂಬಿತು. ಹೊನ್ನೂರನಿಗೆ ಮದುವೆಯಾಯಿತು. ಎಲ್ಲರೂ ಸುಖವಾಗಿದ್ದರು. ಮೋನವ್ವನೂ ಇದ್ದಳು, ತನ್ನ ಪಾಡಿಗೆ ಅರ ಎಳೆಯುತ್ತಾ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಪಾರವ್ವ ಆಯುಧಶಾಲೆಗೆ ಬಂದಳು. ಕುಲುಮೆಯ ಪಕ್ಕ ಕೂತಳು.

"ನಿನಗೆ ಕೋವಿ ಓದಲು ಬರುತ್ತದಂತಲ್ಲ. ಅವರದನ್ನು ನನಗೆ ಓದಿ ಹೇಳು."

ಮೋನವ್ವ ಕೈ ಒರೆಸಿಕೊಂಡು ಕೋವಿ ತಂದಳು. ಇಬ್ಬರ ನಡುವೆ ಇಟ್ಟಳು.

"ಇಲ್ಲಿ ನೋಡು, ಹಿಡಿಯ ಮೇಲೆ. ಉಳಿದವರ ಕೋವಿಗಳು ಎಡಗಡೆ ಸವೆದಿರುತ್ತವೆ. ಎಡಚನಾದ ಅವನದು ಬಲಗಡೆ ಸವೆದಿದೆ. ಗುರಿ ಹಿಡಿಯುವಾಗ ಅವನ ಕೆನ್ನೆ ತಾಗುತ್ತಿದ್ದದ್ದು ಇಲ್ಲಿ."

"ಇಲ್ಲೇನಾ?"

"ಅಲ್ಲೇ."

ಪಾರವ್ವ ಆ ನುಣುಪಾದ ಜಾಗದ ಮೇಲೆ ಅಂಗೈ ಇಟ್ಟಳು. ಕಣ್ಣೀರು ಕೈಯ ಮೇಲೆ ಬಿತ್ತು, ಅವಳು ಒರೆಸಿಕೊಳ್ಳಲಿಲ್ಲ.

"ಮುಂದೆ ಹೇಳು ಅಕ್ಕಾ," ಎಂದಳು.