ಗೋಡೆಯ ಹಿಂದಿನ ಗಾಜು

"ಯಾರು ಅಂತ ಹೇಳಿ, ಸಾಕು. ಪೊಲೀಸ್ ಮಾತ್ರ ಬೇಡ," ಎಂದರು ಮುದುಕರು.

ಅವರು ಹೆಸರಾಂತ ವಾಸ್ತುಶಿಲ್ಪಿ. ಅವರ ನಾಟಕಶಾಲೆ, ಮಾರುಕಟ್ಟೆ ಎಲ್ಲ ನೆಲಸಮವಾಗಿ ಉಳಿದಿದ್ದು ಗ್ರಂಥಾಲಯ ಒಂದೇ. ಅದೂ ಮರುದಿನ ಬೀಳುವುದರಲ್ಲಿತ್ತು. ಅವರು ಮೊರೆಹೋಗಿದ್ದು ನನ್ನ ದೊಡ್ಡಮ್ಮನನ್ನು. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ದೊಡ್ಡಮ್ಮ ಅನುಮಾನ ಪಡುವುದನ್ನು ಬಿಟ್ಟಿರಲಿಲ್ಲ. ನಾನು ಅವರ ಬಾಲ.

ಗ್ರಂಥಾಲಯದ ಗೋಡೆಯಲ್ಲೊಂದು ಹಳೆಯ ಬಿರುಕು. ಅದಕ್ಕೆ ಅಡ್ಡಲಾಗಿ ಮುದುಕರೇ ಗಾರೆ ಹಾಕಿ ಗಾಜಿನ ಪಟ್ಟಿ ಕೂರಿಸಿದ್ದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಅದು ಒಡೆದಿದ್ದನ್ನು ಕಂಡೇ ನಗರಸಭೆ ಕೆಡವಲು ಹೊರಟಿತ್ತು. ಮುದುಕರು ಪಕ್ಕದ ಕೋಣೆಯಲ್ಲಿ ಕಪಾಟು ಸರಿಸಿದರು. ಅದೇ ಬಿರುಕಿನ ಹಿಂಬದಿಯಲ್ಲಿ ಇನ್ನೊಂದು ಗಾಜು ಒಡೆಯದೆ ಹಾಗೇ ಇತ್ತು.

"ಗೋಡೆ ಸರಿದಿಲ್ಲ, ಯಾರೋ ಬೇಕಂತಲೇ ಒಡೆದಿದ್ದಾರೆ. ಬೀಗದ ಕೈ ಇರೋದು ನಂಗೆ, ಮಗಳಿಗೆ, ಅಳಿಯಂಗೆ."

"ನಗರಸಭೆಗೆ ತೋರಿಸಬಾರದಾ?" ಎಂದೆ.

"ತೋರಿಸಿದ್ರೆ ಯಾರು ಒಡೆದಿದ್ದು ಅಂತಾರೆ. 'ಅದು ಬಿದ್ರೇನೇ ನೀವು ಮನೇಲಿ ಕೂರೋದು' ಅಂತ ಮಗಳು ದಿನಾ ಬಯ್ತಿದ್ಲು. ಅವಳೇ ಆಗಿದ್ರೆ ಕಟ್ಟಡ ಹಾಳಾಗಿಹೋಗ್ಲಿ." ಅವರ ಕಣ್ಣು ತುಂಬಿತ್ತು. ನನಗೂ ಮಗಳ ಮೇಲೇ ಅನುಮಾನ.

ಅವರ ಮನೆಗೆ ಹೋದೆವು. "ಬಯ್ದಿದ್ದು ನಿಜ," ಎಂದರು ಮಗಳು. "ಏಣಿ ಹತ್ತೋ ವಯಸ್ಸಾ ಅಪ್ಪಂದು? ಚಿಕ್ಕವಳಿದ್ದಾಗ ಗಾರೆ ಕಲಸಿಕೊಟ್ಟೂ ಕೊಟ್ಟೂ ಸಾಕಾಗ್ತಿತ್ತು. ಗೋಡೆಯ ಈ ಕಡೆ ಮುಗಿದ್ರೆ ಆ ಕಡೆ ಶುರು."

ಮಾವನ ಆಫೀಸು ನಡೆಸುತ್ತಿದ್ದ ಅಳಿಯ ನಕ್ಷೆಯಿಂದ ತಲೆ ಎತ್ತಲಿಲ್ಲ. ಅದು ಗ್ರಂಥಾಲಯದ ಜಾಗದಲ್ಲಿ ಬರಲಿದ್ದ ಹೊಸ ಕಟ್ಟಡದ ನಕ್ಷೆ. "ಆ ಧೂಳಿಗೆ ನಾನು ಹೋಗೋದೇ ಇಲ್ಲ ಮೇಡಂ. ಇದ್ದ ಒಂದು ಗಾಜು ಒಡೆದ್ಮೇಲೆ ಇನ್ನೇನಿದೆ?"

ದೊಡ್ಡಮ್ಮ ಹೂಂ ಎಂದರು, ಅಷ್ಟೇ. ಇನ್ನೇನೂ ಕೇಳದ್ದಕ್ಕೆ ನನಗೆ ಒಳಗೊಳಗೇ ಉರಿಯಿತು.

ಮರುದಿನ ಬೆಳಿಗ್ಗೆ ಮೂವರನ್ನೂ ಗ್ರಂಥಾಲಯಕ್ಕೆ ಕರೆಸಿದರು. ನಗರಸಭೆಯ ಎಂಜಿನಿಯರ್ ಹೊರಗೆ ಕಾಯುತ್ತಿದ್ದರು. ದೊಡ್ಡಮ್ಮ ಕಪಾಟು ಸರಿಸಿ ತೋರಿಸಿದರು.

"ಇವರಪ್ಪ ಎರಡೂ ಕಡೆ ಗಾಜು ಹಾಕ್ತಾರೆ ಅನ್ನೋದು ಗಾರೆ ಕಲಸಿದ ಮಗಳಿಗೆ ಗೊತ್ತು. ಇವರು ಒಡೆದಿದ್ರೆ ಎರಡನ್ನೂ ಒಡೀತಿದ್ರು. ಒಂದೇ ಒಡೆದಿದ್ದಾರೆ ಅಂದ್ರೆ, ಇರೋದೇ ಒಂದು ಅಂದ್ಕೊಂಡಿದ್ರು." ದೊಡ್ಡಮ್ಮ ಅಳಿಯನ ಕಡೆ ತಿರುಗಿದರು. "'ಇದ್ದ ಒಂದು ಗಾಜು' ಅಂದಿದ್ದೂ ನೀವೇ. ಹೊಸ ಕಟ್ಟಡದ ಕೆಲಸ ಸಿಗೋದೂ ನಿಮಗೇ."

ಅಳಿಯ ಗೋಡೆಯನ್ನೇ ನೋಡುತ್ತಾ ನಿಂತ. "ಆ ಕಡೆ ಇನ್ನೊಂದಿದೆ ಅಂತ ಮಾವನೋರು ಹೇಳಲೇ ಇಲ್ಲ," ಎಂದ.

"ಹತ್ತು ವರ್ಷ ನನ್ನ ಆಫೀಸಲ್ಲಿದ್ರಿ," ಎಂದರು ಮುದುಕರು. "ಒಂದಿನಾನೂ ಗೋಡೆಯ ಆ ಕಡೆ ಬಂದು ನೋಡ್ಲಿಲ್ವಲ್ಲ ಅಳಿಯಂದ್ರೇ."

ಮಗಳು ಗಂಡನ ಕಡೆ ತಿರುಗಲಿಲ್ಲ. "ನನ್ನ ಮೇಲೆ ಅನುಮಾನ ಪಟ್ರಾ ಅಪ್ಪಾ?"

ಮುದುಕರು ತಲೆ ತಗ್ಗಿಸಿದರು. ಮಗಳು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡರು.

"ಎಂಜಿನಿಯರನ್ನ ಕರೀರಿ, ಆ ಗಾಜು ನೋಡ್ಲಿ. ಯಾರು ಒಡೆದ್ರು ಅಂತ ಕೇಳಿದ್ರೆ ನಾನೇ ಹೇಳ್ತೀನಿ. ಗಾರೆ ಎಲ್ಲಿಟ್ಟಿದ್ದೀರಿ?"