ಗುಬ್ಬಿ ಮುಚ್ಚಿಟ್ಟ ನೂರೈವತ್ತು ವಾಟ್

"ಓವರ್‌ಕ್ಲಾಕ್ ಏನಾದ್ರೂ ಮಾಡಿದ್ದೀರಾ?"

ಕಂಪ್ಯೂಟರ್ ಅಂಗಡಿಯ ಕೌಂಟರಿನ ಆಚೆ ನಿಂತಿದ್ದವನು ಪೆನ್ನು ಹಿಡಿದುಕೊಂಡೇ ತಲೆಯೆತ್ತಿದ. ಅವನ ನೋಟ ನೇರವಾಗಿ ತನ್ನ ಮೇಲೆ ಬಿದ್ದ ಕೂಡಲೇ ಗುಬ್ಬಿ ಕಣ್ಣು ಕೆಳಗಿಳಿಸಿದಳು.

"ಇಲ್ಲ," ಎಂದುಬಿಟ್ಟಳು.

ಸುಳ್ಳು! ಹಸಿ ಹಸಿ ಸುಳ್ಳು!

ಕಂಪನಿ ಕೊಟ್ಟ ವೇಗ ಸಾಲದೆಂದು ತನ್ನ ಕಂಪ್ಯೂಟರನ್ನು ಮಿತಿ ಮೀರಿ ಓಡುವಂತೆ ಮಾಡಿದವಳು ಅವಳೇ. ಮೂರು ವಾರ ಪಟ್ಟು ಹಿಡಿದು ಕೂತು ಸ್ವಲ್ಪ ಸ್ವಲ್ಪವೇ ಏರಿಸಿದ್ದಳು. ಆದರೆ ಹಿಂದೊಮ್ಮೆ ಬೇರೆ ಅಂಗಡಿಯಲ್ಲಿ ಹೆಮ್ಮೆಯಿಂದ ಈ ಮಾತು ಹೇಳಿದಾಗ ಅಲ್ಲಿದ್ದವರೆಲ್ಲ ಹಲ್ಲು ಕಿಸಿದಿದ್ದರು. "ನಿಮಗ್ಯಾಕಮ್ಮ ಈ ಉಸಾಬರಿ?" ಎಂದಿದ್ದರು. ಆ ನಗು ಇನ್ನೂ ಚುಚ್ಚುತ್ತಿತ್ತು.

'ಇವನೂ ನಕ್ಕುಬಿಟ್ಟರೆ...?'

ಅವನು ನಗಲಿಲ್ಲ. ಮಗ್ಗಿ ಹೇಳಿಕೊಡುವ ಮೇಷ್ಟರ ಹಾಗೆ ಜೋರಾಗಿ ಲೆಕ್ಕ ಹಾಕುತ್ತ ಬರೆದುಕೊಂಡ. "ಪ್ರೊಸೆಸರ್‌ಗೆ ನೂರಿಪ್ಪತ್ತೈದು ವಾಟ್. ಗ್ರಾಫಿಕ್ಸ್ ಕಾರ್ಡ್‌ಗೆ ಇನ್ನೂರಿಪ್ಪತ್ತು. ಫ್ಯಾನು, ಡಿಸ್ಕು ಎಲ್ಲಾ ಸೇರಿ ಐವತ್ತು. ಮುನ್ನೂರ ತೊಂಬತ್ತೈದಾಯ್ತು. ಐನೂರೈವತ್ತರ ಪವರ್ ಸಪ್ಲೈ ಧಾರಾಳ ಸಾಕು."

ಮತ್ತೆ ತಡೆದು ಕೇಳಿದ. "ಖಂಡಿತ ಮಾಡಿಲ್ಲ ತಾನೇ? ಮಾಡಿದ್ರೆ ಇದು ತಡಿಯಲ್ಲ ನೋಡಿ."

"ಮಾಡಿಲ್ಲ ಅಂದೆನಲ್ಲ!"

ಗುಬ್ಬಿ ದುಡ್ಡು ಕೊಟ್ಟು, ಕಂಪ್ಯೂಟರಿಗೆ ಕರೆಂಟು ಕೊಡುವ ಆ ಡಬ್ಬ ಎತ್ತಿಕೊಂಡು ಅಲ್ಲಿಂದ ಓಡಿದಳು ಎಂದೇ ಹೇಳಬೇಕು.

ಮಾರನೆಯ ದಿನ ಅವನ ಫೋನ್ ಬಂತು. "ಕಂಪ್ಯೂಟರ್ ಹೇಗಿದೆ ಅಂತ ಕೇಳೋಣ ಅಂತ..."

ಅದರ ಮರುದಿನವೂ ಬಂತು. ಆಮೇಲೆ ದಿನಾ ಬೆಳಿಗ್ಗೆ ಹನ್ನೊಂದಕ್ಕೆ! ಗುಬ್ಬಿಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಒಂದು ದಿನ ಕೇಳಿಯೇಬಿಟ್ಟಳು. "ಯಾರೇ ಅದು? ಹತ್ತೂಮುಕ್ಕಾಲಿಗೇ ಫೋನ್ ಕೈಗೆತ್ಕೊಂಡು ಕೂರ್ತೀಯಲ್ಲ?"

"ಅಂಗಡಿಯವ್ರು ಚಿಕ್ಕಮ್ಮ, ಮೇಷ್ಟ್ರ ಥರ ಲೆಕ್ಕ ಹೇಳೋರು... ಕಂಪ್ಯೂಟರ್ ವಿಚಾರ..."

"ಹೌದೌದು, ಕಂಪ್ಯೂಟರ್‌ದೇ ವಿಚಾರ!"

ಗುಬ್ಬಿ ಮುಖ ತಿರುಗಿಸಿದಳು. ಕಿವಿಯೆಲ್ಲ ಬಿಸಿಯಾಗಿತ್ತು.

ಎಂಟನೆಯ ದಿನ ಎಲ್ಲವೂ ತಲೆಕೆಳಗಾಯಿತು.

ಕಟ್ಟಡಗಳ ನಕ್ಷೆ ಮಾಡುವ ದೊಡ್ಡ ಕಚೇರಿಯೊಂದು ಅವಳಿಗೆ ಪರೀಕ್ಷೆಯ ಕೆಲಸ ಕೊಟ್ಟಿತ್ತು. ಇನ್ನೂ ಕಟ್ಟದ ಗ್ರಂಥಾಲಯವೊಂದರ ಒಳಗೆ ನಡೆದಾಡಿದಂತೆ ತೋರುವ ವಿಡಿಯೊ. ಸಂಜೆ ಐದರೊಳಗೆ ತಲುಪಿದರೆ ಕೆಲಸದ ಬಾಗಿಲು ತೆರೆಯುತ್ತದೆ. ತಡವಾದರೆ ಇಲ್ಲ. ಎರಡು ವರ್ಷ ಕಾದು ಸಿಕ್ಕಿದ್ದು ಇದೊಂದೇ ಅವಕಾಶ.

ಅಷ್ಟು ದಿನ ಬಿಡಿ ಚಿತ್ರಗಳನ್ನಷ್ಟೇ ಮಾಡುತ್ತಿದ್ದ ಕಂಪ್ಯೂಟರಿಗೆ ಅಂದು ಮೊದಲ ಬಾರಿಗೆ ಪೂರ್ತಿ ಕೆಲಸ ಬಿತ್ತು. ಹನ್ನೆರಡು ಗಂಟೆಗೆ...

ಟಕ್!

ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಳು. ಐದು ನಿಮಿಷಕ್ಕೆ ಮತ್ತೆ ಟಕ್! ತಪ್ಪು ತನ್ನದೇ ಇರಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಅನ್ನಿಸಿತು. ಆದರೆ ಒಂದು ವಾರ ಸರಿಯಾಗಿಯೇ ಇತ್ತಲ್ಲ! ಹೆದರಿಕೆ ಕೋಪವಾಗಿ ಫೋನಿನಲ್ಲಿ ಸಿಡಿಯಿತು.

"ಎಂಥಾ ಮಾಲು ಕೊಟ್ರಿ ನನಗೆ? ಯಾವಾಗ ಕೈ ಕೊಡುತ್ತೆ ಅಂತ ನೋಡೋಕೇನಾ ದಿನಾ ಫೋನ್ ಮಾಡ್ತಿದ್ದಿದ್ದು? ಮೋಸಗಾರರು ನೀವು!"

ಆ ಕಡೆ ಕೀಲಿಕೈ ಎತ್ತಿಕೊಂಡ ಸದ್ದು ಕೇಳಿತು.

"ಮನೆ ಎಲ್ಲಿ ಹೇಳಿ. ಬರ್ತೀನಿ."

ಬಂದವನು ಚಿಕ್ಕಮ್ಮ ಕೊಟ್ಟ ನೀರನ್ನೂ ಮುಟ್ಟದೆ ಕಂಪ್ಯೂಟರಿನ ಮುಂದೆ ಕೂತ. ಒಳಗಿನ ಸೆಟ್ಟಿಂಗ್ ತೆರೆದ. ಗುಬ್ಬಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ನೋಡಿದ. ಎಲ್ಲವನ್ನೂ ನೋಡಿದ.

"ಎರಡು ಸಲ ಕೇಳಿದೆ," ಎಂದ ಮೆಲ್ಲಗೆ. "ನೀವು ಇಲ್ಲ ಅಂದ್ರಿ. ನಾನು ನಂಬಿದೆ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ!

"ಇದು ಐನೂರೈವತ್ತನ್ನ ಪೂರ್ತಿ ಎಳೀತಿದೆ. ಅವತ್ತು ನಾನು ಹಾಕಿದ ಲೆಕ್ಕಕ್ಕಿಂತ ನೂರೈವತ್ತು ಜಾಸ್ತಿ. ಪವರ್ ಸಪ್ಲೈ ತನ್ನನ್ನ ಉಳಿಸ್ಕೊಳ್ಳೋಕೆ ಆಫ್ ಆಗ್ತಿದೆ, ಅಷ್ಟೆ. ಯಾರು ಮಾಡಿದ್ದು ಇದನ್ನ?"

"...ನಾನೇ."

"ನೀವಾ?" ಅವನು ಪರದೆಗೆ ಇನ್ನಷ್ಟು ಬಾಗಿದ. "ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ! ಇದನ್ಯಾಕೆ ಮುಚ್ಚಿಟ್ರಿ?"

"ನಗ್ತೀರೇನೋ ಅಂತ..." ಅವಳ ದನಿ ಒಡೆಯಿತು.

ಅವನು ಗಡಿಯಾರ ನೋಡಿದ. "ವೇಗ ಇಳಿಸಿದ್ರೆ ಈಗಲೇ ಓಡುತ್ತೆ. ಆದ್ರೆ ಎಷ್ಟು ಹೊತ್ತು ಬೇಕು?"

"ನಾಲ್ಕೂವರೆ ಗಂಟೆ. ಇಳಿಸದಿದ್ರೆ ಮೂರೂವರೆ."

ಆಗ ಗಂಟೆ ಹನ್ನೆರಡೂವರೆ ದಾಟಿತ್ತು. ಅವನು ತಟ್ಟನೆ ಎದ್ದು ಹೊರಟೇಬಿಟ್ಟ.

'ಹೋದ... ಮೋಸಗಾರ ಅಂದವಳ ಮನೆಯಲ್ಲಿ ಯಾಕಾದರೂ ನಿಂತಾನು?' ಕೆಲಸ ಹೋಗುವ ಭಯವೇ ಸಾಕಾಗಿತ್ತು. ಅದರ ಮೇಲೆ ಈ ಇನ್ನೊಂದು ಭಯ ಎಲ್ಲಿಂದ ಬಂತು? ಚಿಕ್ಕಮ್ಮ ಬೆನ್ನು ಸವರಿದಳು.

ಇಪ್ಪತ್ತು ನಿಮಿಷಕ್ಕೆ ಅವನು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಭಾರದ ಪವರ್ ಸಪ್ಲೈ, ಅಂಗೈಯಲ್ಲಿ ನಾಲ್ಕು ಸ್ಕ್ರೂ.

"ಎಂಟ್ನೂರೈವತ್ತು ವಾಟ್. ಅಂಗಡೀಲಿ ಸ್ಟಾಕ್ ಇರ್ಲಿಲ್ಲ. ಅಲ್ಲಿದ್ದ ನನ್ನ ಕಂಪ್ಯೂಟರ್‌ದೇ ಬಿಚ್ಕೊಂಡು ಬಂದೆ."

ಗುಬ್ಬಿ ಓಡಿಬಂದು ಡಬ್ಬ ಇಳಿಸಿಕೊಂಡಳು. ಗಡಿಬಿಡಿಯಲ್ಲಿ ನೆರವಾಗಲು ಹೋಗಿ, ಹಳೆಯ ವೈರನ್ನೇ ಹೊಸ ಡಬ್ಬಕ್ಕೆ ಚುಚ್ಚಲು ಹೊರಟಳು.

"ಅದು ಬೇಡ!"

ಅವನ ಕೈ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. "ಈ ಡಬ್ಬಕ್ಕೆ ಇದರದೇ ವೈರ್ ಹಾಕ್ಬೇಕು. ಬೇರೇದು ಹಾಕಿದ್ರೆ ಎಲ್ಲಾ ಸುಟ್ಟುಹೋಗುತ್ತೆ."

ವೈರು ಕೆಳಗೆ ಬಿತ್ತು. ಅವನು ಕೈ ಬಿಡಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ. ಅವಳೂ ಎಳೆದುಕೊಳ್ಳಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಕೆಲಸ ಶುರುವಾಯಿತು. ಮೊದಲ ಐದು ನಿಮಿಷ ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಹತ್ತು ನಿಮಿಷ... ಒಂದು ಗಂಟೆ... ಫ್ಯಾನಿನ ಸದ್ದು ಸ್ವಲ್ಪ ಬದಲಾದರೂ ಗುಬ್ಬಿ ಬೆಚ್ಚಿಬೀಳುತ್ತಿದ್ದಳು. "ಏನಾಗಲ್ಲ, ಇದಕ್ಕೆ ಇನ್ನೂ ಮುನ್ನೂರು ವಾಟ್ ಮಿಕ್ಕಿದೆ," ಎನ್ನುತ್ತಿದ್ದ ಅವನು. ಹಾಗೆನ್ನುವಾಗಲೂ ಅವನ ಕಾಲು ಅಲುಗುವುದು ನಿಂತಿರಲಿಲ್ಲ.

ನಾಲ್ಕು ನಲವತ್ತೊಂದಕ್ಕೆ ಮುಗಿಯಿತು. ನಲವತ್ತೊಂಬತ್ತಕ್ಕೆ ಕಳಿಸಿದಳು. ಐದಕ್ಕೆ ಎರಡು ನಿಮಿಷ ಇರುವಾಗ ಉತ್ತರ ಬಂತು. 'ವಿಡಿಯೊ ತಲುಪಿತು. ಸೋಮವಾರ ಬಂದು ಕಾಣಿ.'

ಗುಬ್ಬಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

"ಮೋಸಗಾರ ಅಂದೆ ನಿಮ್ಮನ್ನ... ಮೋಸ ಮಾಡಿದ್ದು ನಾನು. ಕ್ಷಮಿಸ್ತೀರಾ?"

"ನಾನೂ ಏನು ಸಾಚಾ ಅಲ್ಲ," ಎಂದ ಅವನು, ನೆಲ ನೋಡುತ್ತ. "ಮಾರಿದ ಮೇಲೆ ಯಾವ ಗಿರಾಕಿಗೂ ದಿನಾ ಫೋನ್ ಮಾಡಿ ಹೇಗಿದೆ ಅಂತ ಕೇಳಿದವನಲ್ಲ ನಾನು. ಕಂಪ್ಯೂಟರ್ ಒಂದು ನೆಪ ಅಷ್ಟೆ."

ಅವಳು ಕೈ ಸರಿಸಿ ನೋಡಿದಳು. ಮೇಷ್ಟರ ಕಿವಿ ಕೆಂಪಾಗಿತ್ತು!

"ಬರ್ತೀನಿ," ಎಂದು ಅವನು ಎದ್ದ.

"ನಾಳೆ ಫೋನ್ ಮಾಡ್ತೀರಾ?"

"ಕಂಪ್ಯೂಟರ್ ಸರಿಹೋಯ್ತಲ್ಲ. ಏನಂತ ಕೇಳ್ಲಿ?"

"ನಾನು ಹೇಗಿದ್ದೀನಿ ಅಂತ ಕೇಳಿ."

"ನಿಜ ಹೇಳ್ತೀರಾ?"

"ಹೇಳ್ತೀನಿ."

ಅವನು ಬಾಗಿಲ ಬಳಿಯೇ ನಿಂತ. "ನಾಳೆವರೆಗೂ ಯಾಕೆ? ಈಗ್ಲೇ ಕೇಳ್ತೀನಿ. ಹೇಗಿದ್ದೀರಿ?"

"ತುಂಬಾ ಭಯ ಆಗ್ತಿದೆ," ಎಂದಳು ಗುಬ್ಬಿ. "ನೀವು ಹೋಗಿಬಿಡ್ತೀರೇನೋ ಅಂತ..."

ಅವನು ವಾಪಸ್ ಬಂದು ಅವಳ ಪಕ್ಕದಲ್ಲಿ ಕೂತ.